ಫ್ಯಾನ್ ಆಫ್ ಮಾಡಿ ಕೇಳು

ಪ್ರೀತಿಯ ತಮ್ಮ,

ನಿನ್ನ ಲೇಖನ ಮೊನ್ನೆ ಬಂತು. ಎರಡು ಸಲ ಓದಿದೆ. ‘ಕೊಲಾಸಲ್ ಯೂತ್’ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನ್ನಿಸಿತಲ್ಲ, ಅದಕ್ಕೇ ಮೊದಲು ಖುಷಿಯಾಯಿತು. 1980ರ ಫೆಬ್ರವರಿಯಲ್ಲಿ ಬಂದ ಆಲ್ಬಂ. ವೇಲ್ಸಿನ ಕಾರ್ಡಿಫ್ ಊರಿನ ಯಂಗ್ ಮಾರ್ಬಲ್ ಜೈಂಟ್ಸ್ ಅನ್ನುವ ರಾಕ್ ಬ್ಯಾಂಡ್ ಮಾಡಿದ ಆಲ್ಬಂ ಅದೊಂದೇ. ಹೆಚ್ಚು ಕಡಿಮೆ ಆ ವರ್ಷ ಮುಗಿಯುವಷ್ಟರಲ್ಲಿ ಬ್ಯಾಂಡೇ ಚದುರಿಹೋಯಿತು. ಅಂಥದ್ದನ್ನು ಹುಡುಕಿ ಕೇಳಿ ಮನಸ್ಸಿಗೆ ಹಚ್ಚಿಕೊಂಡಿದ್ದೀಯ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾದರೂ ಓದು.

ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಎರಡನೇ ಪುಟದಲ್ಲಿ ‘ಡ್ರಮ್ಮರ್ ತುಂಬ ಸಂಯಮದಿಂದ ಬಾರಿಸಿದ್ದಾನೆ’ ಅಂತ ಬರೆದಿದ್ದೀಯ. ಆ ಬ್ಯಾಂಡಿನಲ್ಲಿ ಡ್ರಮ್ಮರೇ ಇರಲಿಲ್ಲ. ಸ್ಟುವರ್ಟ್ ಮಾಕ್ಸಮ್ ಗಿಟಾರ್ ಮತ್ತು ಆರ್ಗನ್ ನುಡಿಸುತ್ತಿದ್ದ. ಅವನ ಸೋದರ ಫಿಲಿಪ್ ಬೇಸ್ ಗಿಟಾರ್. ಆಲಿಸನ್ ಸ್ಟಾಟನ್ ಹಾಡುತ್ತಿದ್ದಳು. ತಾಳ ಬರುತ್ತಿದ್ದುದು ಮನೆಯಲ್ಲೇ ಮಾಡಿದ ಒಂದು ಡ್ರಮ್ ಮಷೀನಿನಿಂದ. ಅದನ್ನು ಮಾಡಿಕೊಟ್ಟವನು ಮಾಕ್ಸಮ್ ಸೋದರರ ಕಸಿನ್ ಪೀಟರ್ ಜಾಯ್ಸ್. ಆ ತಾಳಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು, ವೇದಿಕೆಯ ಮೇಲೆ ಟೇಪ್ ಹಾಕಿ ಅದರ ಜೊತೆ ನುಡಿಸುತ್ತಿದ್ದರು.

ಇದು ಬರೀ ಮಾಹಿತಿಯ ತಪ್ಪಾಗಿದ್ದರೆ ತಿದ್ದಿ ಸುಮ್ಮನಾಗುತ್ತಿದ್ದೆ. ಆದರೆ ಆ ಸಾಲು ಎಲ್ಲಿಂದ ಬಂತು ಅಂತ ಯೋಚಿಸು. ರಾಕ್ ಅಂದಮೇಲೆ ಡ್ರಮ್ಮರ್ ಇರಲೇಬೇಕು, ಸದ್ದು ಕಡಿಮೆ ಅಂದಮೇಲೆ ಸಂಯಮ ಇರಲೇಬೇಕು ಅಂತ ಕೈ ತಾನಾಗಿ ಬರೆದುಬಿಟ್ಟಿತು. ಕಿವಿಯನ್ನು ಕೇಳಲೇ ಇಲ್ಲ. ‘ಮಾಂತ್ರಿಕ’, ‘ಅಲೌಕಿಕ’, ‘ಕಾಲಾತೀತ’ ಕೂಡ ಹಾಗೇ ಬಂದಿವೆ. ನಾಲ್ಕು ಪುಟದಲ್ಲಿ ‘ಮಾಂತ್ರಿಕ’ ಆರು ಸಲ ಇದೆ. ಆಲ್ಬಂ ಕೇಳದೇ ಇರುವವರೂ ಆ ಪದ ಬರೆಯಬಹುದು, ಅಲ್ವಾ?

ನಾನು ಇದನ್ನು ಮೊದಲು ಕೇಳಿದ್ದು ಗೆಳೆಯನೊಬ್ಬ ಲಂಡನ್ನಿಂದ ತಂದ ಕ್ಯಾಸೆಟ್ಟಿನಲ್ಲಿ. ಬೆಂಗಳೂರಿನ ಏಪ್ರಿಲ್ ತಿಂಗಳು, ಬಾಡಿಗೆ ಕೋಣೆ, ತಲೆ ಮೇಲೆ ಕಟಕಟ ಅನ್ನುವ ಫ್ಯಾನು. ಹಾಡು ಶುರುವಾಗಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ವಾಲ್ಯೂಮ್ ಜಾಸ್ತಿ ಮಾಡಿದೆ. ಟೇಪಿನ ಸುಯ್ ಅನ್ನುವ ಸದ್ದೂ ಜೊತೆಗೇ ಜಾಸ್ತಿಯಾಯಿತು. ಕೊನೆಗೆ ಫ್ಯಾನ್ ಆಫ್ ಮಾಡಿದೆ. ಆಗ ಕೇಳಿಸಿತು. ಬೆವರು ಒರೆಸಿಕೊಳ್ಳುತ್ತ ಎರಡೂ ಬದಿ ಕೇಳಿ ಮುಗಿಸಿದೆ. ಒಟ್ಟು 15 ಹಾಡು. ಹೆಚ್ಚಿನವು ಮೂರು ನಿಮಿಷದ ಒಳಗೇ ಮುಗಿದುಹೋಗುತ್ತವೆ.

ಅದರಲ್ಲಿ ಒಂದು ಸದ್ದು ಏನು ಅಂತ ಆವತ್ತು ಅರ್ಥವಾಗಲಿಲ್ಲ. ಎಷ್ಟೋ ದಿನದ ಮೇಲೆ, ಗಿಟಾರ್ ನುಡಿಸುವ ಪರಿಚಯದವರೊಬ್ಬರು ತೋರಿಸಿದರು. ಅಂಗೈಯ ಬುಡವನ್ನು ಬ್ರಿಡ್ಜಿನ ಹತ್ತಿರ, ಅಂದರೆ ಗಿಟಾರಿನ ಮೈಮೇಲೆ ತಂತಿಗಳು ಕೂತಿರುವ ಪಟ್ಟಿಯ ಹತ್ತಿರ, ತಂತಿಗಳ ಮೇಲೆ ಒರಗಿಸಿ ಮೀಟಿದರು. ತಂತಿ ಮೊಳಗಲಿಲ್ಲ. ಟಕ್ ಅಂದು ಅಲ್ಲೇ ನಿಂತಿತು. ಹಿತ್ತಾಳೆ ಚೊಂಬನ್ನು ಒಂದು ಕೈಯಲ್ಲಿ ಬಿಗಿಯಾಗಿ ತಬ್ಬಿ ಹಿಡಿದು, ಇನ್ನೊಂದು ಕೈಯ ಉಂಗುರದಿಂದ ತಟ್ಟಿ ನೋಡು, ಹಾಗೆ. ಸ್ಟುವರ್ಟ್ ಈ ಆಲ್ಬಂನಲ್ಲಿ ಹೆಚ್ಚಾಗಿ ನುಡಿಸುವುದು ಹೀಗೆ. ಗಿಟಾರು ತಾಳ ಹಿಡಿಯುತ್ತದೆ. ರಾಗವನ್ನು ಎಷ್ಟೋ ಕಡೆ ಫಿಲಿಪ್‌ನ ಬೇಸ್ ಹೊತ್ತುಕೊಳ್ಳುತ್ತದೆ. ನಡುವೆ ಜಾಗ ಖಾಲಿ. ಆ ಜಾಗದಲ್ಲಿ ಆಲಿಸನ್ ಹಾಡುತ್ತಾಳೆ, ಬಟ್ಟೆ ಒಣಹಾಕುತ್ತ ತನ್ನ ಪಾಡಿಗೆ ತಾನು ಹಾಡಿಕೊಳ್ಳುವವಳ ಹಾಗೆ. ಎಳೆತವಿಲ್ಲ, ಅಲಂಕಾರವಿಲ್ಲ, ಯಾರನ್ನೂ ಮೆಚ್ಚಿಸುವ ಆತುರವಿಲ್ಲ.

ನೀನು ‘ಮಾಂತ್ರಿಕ’ ಅಂದಿದ್ದು ಇದನ್ನೇ ತಾನೇ? ಹಾಗಾದರೆ ಆ ಅಂಗೈಯನ್ನು ಬರೆ. ಓದಿದವರು ಎದ್ದುಹೋಗಿ ಅಡುಗೆಮನೆಯ ಚೊಂಬು ತಟ್ಟಿ ನೋಡಬೇಕು.

ಇನ್ನು ಲೇಖನದ ಆರಂಭ. ‘ಕರ್ಟ್ ಕೋಬೇನ್ ಮೆಚ್ಚಿದ ಆಲ್ಬಂ’ ಅಂತ ಶುರು ಮಾಡಿದ್ದೀಯ. ನಿಜವೇ. ಅಮೆರಿಕದ ನಿರ್ವಾಣ ಬ್ಯಾಂಡಿನ ಆ ಹೆಸರಾಂತ ಗಾಯಕ ತನ್ನ ಮೆಚ್ಚಿನ 50 ಆಲ್ಬಂಗಳ ಪಟ್ಟಿಯಲ್ಲಿ ಇದನ್ನೂ ಬರೆದುಕೊಂಡಿದ್ದ. ಆದರೆ ಹಾಗೆ ಶುರು ಮಾಡಿದರೆ ದೊಡ್ಡವರ ಶಿಫಾರಸು ಪತ್ರ ಹಿಡಿದು ಬಾಗಿಲಲ್ಲಿ ನಿಂತಂತೆ ಆಗುತ್ತದೆ. ಈ ಆಲ್ಬಂಗೆ ಅದು ಬೇಕಿಲ್ಲ. ಮಧ್ಯೆ ಎಲ್ಲಾದರೂ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗು. ಕಾರ್ಡಿಫ್‌ನಿಂದ ಶುರು ಮಾಡು. ಪಂಕ್ ಅನ್ನುವ ಅಬ್ಬರದ ರಾಕ್ ಬಂದು ಎಲ್ಲರೂ ಆಂಪ್ಲಿಫೈಯರ್ ಸದ್ದು ಏರಿಸಿದ್ದ ಕಾಲ ಅದು. ಈ ಮೂವರು ಇಳಿಸಿದರು. ಬ್ಯಾಂಡಿನ ಹೆಸರು ತೆಗೆದುಕೊಂಡಿದ್ದು ಹಳೆಯ ಗ್ರೀಕ್ ಶಿಲ್ಪಗಳ ಪುಸ್ತಕದಿಂದ, ಅಮೃತಶಿಲೆಯ ದೈತ್ಯ ತರುಣರು ಅಂತ. ಅಷ್ಟು ದೊಡ್ಡ ಹೆಸರು, ಇಷ್ಟು ಸಣ್ಣ ಸದ್ದು. ಎರಡು ಹಾಡು 1979ರ ಒಂದು ಸಂಕಲನದಲ್ಲಿ ಬಂದವು. ಅದನ್ನು ಕೇಳಿ ಲಂಡನ್ನಿನ ರಫ್ ಟ್ರೇಡ್ ಅನ್ನುವ ರೆಕಾರ್ಡ್ ಕಂಪನಿ ಇವರನ್ನು ಕರೆಯಿತು. ವೇಲ್ಸಿನ ಹಳ್ಳಿಗಾಡಿನ ಸ್ಟುಡಿಯೋದಲ್ಲಿ ಕೆಲವೇ ದಿನದಲ್ಲಿ ರೆಕಾರ್ಡಿಂಗ್ ಮುಗಿಯಿತು.

ಬ್ಯಾಂಡ್ ಶುರುವಾದ 1978ರಲ್ಲೇ ಕಾರ್ಡಿಫ್‌ನ ಈಸ್ಟ್ ಮೂರ್ಸ್ ಉಕ್ಕಿನ ಕಾರ್ಖಾನೆ ಮುಚ್ಚಿತು. ಇದನ್ನು ನೀನು ಹುಡುಕಿ ತೆಗೆದಿದ್ದು ಒಳ್ಳೆಯದಾಯಿತು. ಆದರೆ ‘ಆ ನೋವೇ ಈ ಹಾಡುಗಳಾಯಿತು’ ಅಂದಿದ್ದೀಯಲ್ಲ, ಅದು ಬೇಡ. ಎರಡು ಸಂಗತಿಯನ್ನೂ ಪಕ್ಕಪಕ್ಕ ಇಡು. ಗಂಟು ಹಾಕಬೇಡ.

ಈಗ ನನಗೆ ತುಂಬ ಹಿಡಿಸಿದ್ದನ್ನು ಹೇಳುತ್ತೇನೆ. ಅದೇ ವರ್ಷ ಬಂದ ‘ಫೈನಲ್ ಡೇ’ ಬಗ್ಗೆ ಮೂರನೇ ಪುಟದಲ್ಲಿ ನಾಲ್ಕು ಸಾಲು ಬರೆದಿದ್ದೀಯ. ಅಣುಯುದ್ಧದಲ್ಲಿ ಎಲ್ಲ ಮುಗಿಯುವ ದಿನದ ಹಾಡು, ಎರಡು ನಿಮಿಷವೂ ಇಲ್ಲ. ಉದ್ದಕ್ಕೂ ಒಂದೇ ತೆಳ್ಳನೆಯ ಸ್ವರ ಕೊರೆಯುತ್ತಲೇ ಇರುತ್ತದೆ. ‘ಕುಕ್ಕರ್ ಕೂಗುವುದಕ್ಕೆ ಮೊದಲು ಬರುವ ಸಣ್ಣ ಸದ್ದು, ಆದರೆ ಕೂಗುವುದೇ ಇಲ್ಲ’ ಅಂತ ಬರೆದಿದ್ದೀಯ. ಅದನ್ನು ಓದಿ ಪುಟ ಕೆಳಗಿಟ್ಟೆ. ನಲವತ್ತು ವರ್ಷದಿಂದ ಕೇಳುತ್ತಿರುವ ನನಗೆ ಅದು ಹೊಳೆದಿರಲಿಲ್ಲ. ಆ ಸಾಲು ಬರೆಯುವಾಗ ನೀನು ನಿಜವಾಗಿ ಕೇಳುತ್ತಿದ್ದೆ. ಇಡೀ ಲೇಖನವನ್ನು ಆ ಕಿವಿಯಿಂದ ಮತ್ತೆ ಬರೆ.

ಆಲ್ಬಂನ ಕೊನೆಯ ಹಾಡು ‘ವಿಂಡ್ ಇನ್ ದ ರಿಗ್ಗಿಂಗ್’ ಬಗ್ಗೆ ನೀನು ಏನೂ ಹೇಳಿಲ್ಲ. ಅದರಲ್ಲಿ ಮಾತಿಲ್ಲ, ಅದಕ್ಕೇ ಬಿಟ್ಟೆಯೇನೋ. ಹಡಗಿನ ಹಗ್ಗಗಳಲ್ಲಿ ಬೀಸುವ ಗಾಳಿ ಅಂತ ಅರ್ಥ. ಕಾರ್ಡಿಫ್ ಬಂದರಿನ ಊರು, ಒಂದು ಕಾಲಕ್ಕೆ ಲೋಕಕ್ಕೆಲ್ಲ ಕಲ್ಲಿದ್ದಲು ಕಳಿಸಿದ ಊರು. ಮೊದಲು ಆ ಹಾಡಿನ ಬಗ್ಗೆ ಒಂದು ಪುಟ ಬರೆದು ಕಳಿಸು. ಉಳಿದದ್ದು ಆಮೇಲೆ ನೋಡೋಣ. ಈ ತಿಂಗಳೆಲ್ಲ ನಾನು ಊರಲ್ಲೇ ಇರುತ್ತೇನೆ.

ಪ್ರೀತಿಯಿಂದ,
ನಿನ್ನ ಅಣ್ಣ