ಶನಿವಾರದ ಟೀಮ್ ಊಟ: ಗುರುವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ 7:30ಕ್ಕೆ ನಮ್ಮ ಟೀಮ್ ಊಟ. ಎರಡು ಹೋಟೆಲ್ ನೋಡಿ ಬಂದೆ. ದುರ್ಗಿಗುಡಿಯದ್ದು ಊರ ನಡುವೆ ಇದೆ, ಆದರೆ ಕಾರು ನಿಲ್ಲಿಸುವುದೇ ಕಷ್ಟ. ನಾವು 18 ಜನ ಮೂರು ಕಡೆ ಚದುರಿ ಕೂರಬೇಕಾಗುತ್ತದೆ. ಸಾಗರ ರಸ್ತೆಯದ್ದರಲ್ಲಿ ಹಿಂದುಗಡೆ ಬೇರೆ ಹಾಲ್ ಇದೆ, ವೆಜ್ ಅಡುಗೆಮನೆಯೂ ಬೇರೆ. ಕಡುಬು, ಕೋಳಿ ಸಾರು ಮಾತ್ರ ಹಿಂದಿನ ದಿನವೇ ಹೇಳಬೇಕಂತೆ. ನನ್ನ ವೋಟು ಸಾಗರ ರಸ್ತೆಯದ್ದಕ್ಕೇ!

ಗುರುವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ: ಯಾವ ಹೋಟೆಲ್, ಬರುತ್ತೀರಾ ಇಲ್ವಾ, ವೆಜ್ಜಾ ನಾನ್‌ವೆಜ್ಜಾ, ಕಡುಬಾ ಅಕ್ಕಿ ರೊಟ್ಟಿಯಾ. ಹೆಬ್ಬೆರಳಿನ ಇಮೋಜಿ ಒತ್ತಿ ಸುಮ್ನಾಗಬೇಡಿ, ಅದರಿಂದ ಅಡುಗೆಯವರಿಗೆ ಏನೂ ಗೊತ್ತಾಗಲ್ಲ. ಶುಕ್ರವಾರ ಬೆಳಿಗ್ಗೆ ಅಡ್ವಾನ್ಸ್ ಕೊಟ್ಟು ಬುಕ್ ಮಾಡುತ್ತೇನೆ. ಆಮೇಲೆ ಲೆಕ್ಕ ಬದಲಾಯಿಸೋಕೆ ಆಗಲ್ಲ.

ಬಿಲ್ಲು ಆಫೀಸಿನದ್ದು, 5% ಜಿಎಸ್‌ಟಿ ಸೇರಿಸಿ. ಪಾರ್ಸೆಲ್ ತಗೊಂಡರೆ ಅದು ನಿಮ್ಮದೇ.

ಭದ್ರಾವತಿ, ತೀರ್ಥಹಳ್ಳಿ ಕಡೆಯವರು ವಾಪಸ್ ಹೇಗೆ ಹೋಗುತ್ತೀರಿ ಅಂತಲೂ ತಿಳಿಸಿ. ಈ ಮಳೆಯಲ್ಲಿ ಮಂಡಗದ್ದೆ ದಾರಿಗೆ ರಾತ್ರಿ ಬೈಕ್ ಬೇಡವೇ ಬೇಡ. ಕಾರು ತರುವವರು ಎಷ್ಟು ಸೀಟು ಖಾಲಿ ಇದೆ ಅಂತ ದಯವಿಟ್ಟು ಹಾಕಿ, ನಾನು ಜೋಡಿಸಿ ಕೊಡುತ್ತೇನೆ.