ಭಾನುವಾರ ಲೆನ್ಸ್ ಹೋಲಿಕೆ: ಶುಕ್ರವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 7ಕ್ಕೆ ನಮ್ಮ ಮನೆ ಟೆರೇಸ್ ಮೇಲೆ ಎರಡು ಜೂಮ್ ಲೆನ್ಸ್ ಹೋಲಿಸಿ ನೋಡೋಣ: ಸೋನಿ 24-70 ಜಿಎಂ 2 ಮತ್ತು ಟ್ಯಾಮ್ರಾನ್ 28-75 ಜಿ2. ಎರಡರಲ್ಲೂ ಬೆಳಕು ಒಳಬಿಡುವ ಕಿಂಡಿ (ಅಪರ್ಚರ್) ಗರಿಷ್ಠ ಎಫ್/2.8. ಮದುವೆ ಸೀಸನ್‌ಗೆ ಮುಂಚೆ ಲೆನ್ಸ್ ಕೊಳ್ಳುವವರು ತಪ್ಪದೆ ಬನ್ನಿ.

ಟ್ಯಾಮ್ರಾನ್ 540 ಗ್ರಾಂ, ಸೋನಿ 695 ಗ್ರಾಂ. ಬೆಲೆಯಲ್ಲೂ ಟ್ಯಾಮ್ರಾನ್ ತುಂಬಾ ಕಡಿಮೆ. ಆದರೆ ಫೋಕಲ್ ಲೆಂತ್ (ಲೆನ್ಸ್ ಹೆಸರಿನಲ್ಲಿರುವ ಅಂಕಿ, ಕಡಿಮೆಯಾದಷ್ಟೂ ಅಗಲ ನೋಟ) 24ಕ್ಕೂ 28ಕ್ಕೂ ನಾಲ್ಕೇ ಮಿಲಿಮೀಟರ್ ಅಲ್ವಾ ಅಂದುಕೊಳ್ಳಬೇಡಿ. 28ರಲ್ಲಿ ನೋಟದ ಕೋನ ಸುಮಾರು 75 ಡಿಗ್ರಿ, 24ರಲ್ಲಿ 84. ಚಿಕ್ಕ ಛತ್ರದಲ್ಲಿ ಇಡೀ ಕುಟುಂಬವನ್ನು ಫ್ರೇಮಿಗೆ ತರುವಾಗ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ನನ್ನ ಮಟ್ಟಿಗೆ ಶಾರ್ಪ್‌ನೆಸ್‌ಗಿಂತ ಇದೇ ದೊಡ್ಡ ವ್ಯತ್ಯಾಸ. ಹೊರಗಡೆ ಜಾಸ್ತಿ ಓಡಾಡುವವರಿಗೆ ಟ್ಯಾಮ್ರಾನ್ ಸಾಕು.

ಎರಡಕ್ಕೂ ಒಂದೇ ಕ್ಯಾಮೆರಾ ಬಾಡಿ. ಟ್ರೈಪಾಡ್ ಮೇಲಿಟ್ಟು, ಸ್ಟೆಬಿಲೈಸೇಶನ್ (ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡಿ, ಎದುರಿನ ಇಟ್ಟಿಗೆ ಗೋಡೆಯನ್ನು ಎಫ್/2.8 ಮತ್ತು 5.6ರಲ್ಲಿ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ಆಗಿ ತೆಗೆಯೋಣ. ಮೂಲೆಗಳನ್ನು ಮರೆಯದೆ ನೋಡಿ, ಕೊರತೆ ಮೊದಲು ಕಾಣುವುದು ಅಲ್ಲೇ.

ನಿಮ್ಮ ಮೆಮೊರಿ ಕಾರ್ಡ್ ತನ್ನಿ. ಸಿಗ್ಮಾ 24-70 ಇರುವವರು ಅದನ್ನೂ ತಂದರೆ ಬಹಳ ಉಪಕಾರ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಮಳೆ ಬಂದರೆ ಮುಂದಿನ ಭಾನುವಾರ.