ಭಾನುವಾರ ಬಿಲ್ಲು ಕೆರೆಯುವ ಕೆಲಸ: ಮರ ತರುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಮರದ ಉದ್ದಬಿಲ್ಲು ಮಾಡುತ್ತಿರುವವರು ಈ ಭಾನುವಾರ ಬೆಳಿಗ್ಗೆ 9ಕ್ಕೆ ಎಂದಿನ ಶೆಡ್ಡಿಗೆ ಬನ್ನಿ.

ಮಳೆಗಾಲದಲ್ಲಿ ಹೊರಗಿಟ್ಟ ಮರ ತರಲೇಬೇಡಿ. ನಮ್ಮ ಕೊಡಗಿನ ತೇವಕ್ಕೆ ಅದು ಒಣಗಿರುವುದಿಲ್ಲ. ಹಸಿ ಮರ ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ, ಬಾಣಕ್ಕೆ ವೇಗ ಬರುವುದಿಲ್ಲ. ಒಲೆ ಮೇಲಿನ ಅಟ್ಟದಲ್ಲಿಟ್ಟದ್ದಾದರೆ ಒಳ್ಳೆಯದು. ವಾರವಾರ ತೂಗಿ, ತೂಕ ಇಳಿಯುವುದು ನಿಂತಿದ್ದರೆ ಸಾಕು.

ಉದ್ದ 6 ಅಡಿ. ಗುರಿಯ ಕಡೆಗಿರುವ ಮೈಯಲ್ಲಿ ನಾರು ತುದಿಯಿಂದ ತುದಿಗೆ ಕಡಿಯದೆ ಓಡಬೇಕು, ಕಡಿದಲ್ಲೇ ಸೀಳು ಏಳುತ್ತದೆ. ಹಾಗಾಗಿ ನಿಮ್ಮ ಕಡೆಗಿರುವ ಮೈ ಮಾತ್ರ ಕೆರೆಯಿರಿ. ಪ್ರತಿ ಸಲ ಕೆರೆದ ಮೇಲೆ ಅರ್ಧದಷ್ಟೇ 20-30 ಸಲ ಎಳೆದು ನೋಡಿ. ಬಿಗಿಯಾಗಿರುವಲ್ಲಿ ಕೆರೆಯಿರಿ, ಹೆಚ್ಚು ಬಾಗುವ ಜಾಗ ಮುಟ್ಟಬೇಡಿ. (ಅವಸರದವರು ಇಲ್ಲೇ ಕೆಡಿಸುವುದು.) ಬಾಣವಿಲ್ಲದೆ ಹೆದೆ ಬಿಟ್ಟರೆ ಆ ಪೆಟ್ಟು ಬಿಲ್ಲಿಗೇ ಬೀಳುತ್ತದೆ, ಮುರಿಯಲೂಬಹುದು.

ಬೇಟೆಯ ಮಾತು ಗುಂಪಿನಲ್ಲಿ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಲ್ಲಿಗೂ ಅನ್ವಯ. ಗುರಿಗೆ ತೆಂಗಿನಕಾಯಿ ಕಟ್ಟೋಣ.

ಬರುವವರು ಶುಕ್ರವಾರ ಸಂಜೆಯೊಳಗೆ ಹೆಸರು, ಯಾವ ಮರ ಎಂದು ಇಲ್ಲೇ ಹಾಕಿ. ಅರ ಕಡಿಮೆ ಇವೆ, ಇದ್ದವರು ತನ್ನಿ.